ಶಿವಮೊಗ್ಗ ಸವಾನಾ ಅಂತೆ, ಇದನ್ನು ಒಪ್ಪೋದು ಹೇಗೆ?

ತುಂಗಾತೀರ, ಶಿವಮೊಗ್ಗ:
ಮಗಳ ಪಿಯುಸಿ ಪ್ರಾಜೆಕ್ಟ್‌ಗೆ ಕೊಪ್ಪೆನ್ ಅನ್ನುವವರ ಹವಾಗುಣ ನಕ್ಷೆ ತೆಗೆದು ನೋಡುತ್ತಿದ್ದೆ. ನಮ್ಮ ಶಿವಮೊಗ್ಗ ನಗರ ಅದರಲ್ಲಿ "ಉಷ್ಣವಲಯದ ಸವಾನಾ". ಆಫ್ರಿಕಾದ ಹುಲ್ಲುಗಾವಲಿಗೆ ಬಳಿದ ಬಣ್ಣವೇ ನಮಗೂ. ಸ್ವಾಗತ ಕಮಾನಿನಿಂದ ಹಿಡಿದು ಲಾಡ್ಜಿನ ಬಿಲ್ಲಿನವರೆಗೆ ಮಲೆನಾಡಿನ ಹೆಬ್ಬಾಗಿಲು ಅಂತ ಬರೆದುಕೊಳ್ಳುವ ಊರು ಇದು, ಸವಾನಾ ಅಂದರೆ ಯಾರು ಒಪ್ಪುತ್ತಾರೆ? ತ್ಯಾವರೆಕೊಪ್ಪದ ಸಫಾರಿಯಲ್ಲಿ ಸಿಂಹ ಇದೆಯಲ್ಲ ಅಂತ ತಮಾಷೆ ಬೇಡ, ನಿಜವಾಗಿಯೂ ಕೇಳುತ್ತಿದ್ದೇನೆ. ಗೊತ್ತಿರುವವರು ಹೇಳಿ.

ಅಡಿಕೆ ದೋಟಿ, ಹೊಸನಗರ:
ನಕ್ಷೆ ತಪ್ಪು, ಇನ್ನೇನು. ಅದನ್ನು ಮಾಡಿದವರನ್ನು ಪುನರ್ವಸು ಮಳೆಯಲ್ಲಿ ಹುಲಿಕಲ್ ಘಾಟಿಗೆ ಕರೆತಂದು ನಿಲ್ಲಿಸಿ ಮಾರಾಯ್ರೆ. ನಾಲ್ಕು ಉಂಬಳ (ಜಿಗಣೆ) ಕಚ್ಚಿದ ಮೇಲೆ ಬಣ್ಣ ತಾನಾಗೇ ಬದಲಾಗುತ್ತದೆ.

ಬಯಲುಸೀಮೆಯವ, ಚಳ್ಳಕೆರೆ:
ಸವಾನಾ ಅಂದರೆ ಬೈಗುಳ ಅಂತ ಯಾಕೆ ಅಂದುಕೊಂಡಿದ್ದೀರಿ? ಇದಕ್ಕೆ ಆಮೇಲೆ ಬರುತ್ತೇನೆ, ಈಗ ಕೆಲಸ ಇದೆ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:
ತುಂಗಾತೀರ ಅವರೇ, ನಕ್ಷೆ ಸರಿಯಾಗಿಯೇ ಇದೆ. ಹುಲಿಕಲ್ಲಿಗೂ ಶಿವಮೊಗ್ಗ ನಗರಕ್ಕೂ ಅದರಲ್ಲಿ ಬೇರೆ ಬೇರೆ ಬಣ್ಣ. ಸ್ವಲ್ಪ ದೊಡ್ಡದು ಮಾಡಿ ನೋಡಿ.

ವ್ಲಾಡಿಮಿರ್ ಕೊಪ್ಪೆನ್ ಹವಾಮಾನದ ಮನುಷ್ಯ ಅಂತಲೇ ಹೆಸರು, ಆದರೆ ಓದಿದ್ದು ಸಸ್ಯಶಾಸ್ತ್ರ. 1884ರಲ್ಲಿ ಮೊದಲ ನಕ್ಷೆ ಮಾಡಿದರು. 1936ರವರೆಗೂ ತಿದ್ದುತ್ತಲೇ ಇದ್ದರು. ಅವರ ಉಪಾಯ ಏನೆಂದರೆ, ಗಿಡಮರ ಎಲ್ಲಿ ಬದಲಾಗುತ್ತದೋ ಅಲ್ಲಿ ಗೆರೆ ಬೀಳಬೇಕು, ಆ ಗೆರೆಗೆ ಹೊಂದುವಂಥ ಮಳೆಯ ಅಂಕಿ, ಉಷ್ಣತೆಯ ಅಂಕಿ ಹುಡುಕಬೇಕು.

ಬಿಸಿ ನಾಡುಗಳ ಲೆಕ್ಕ ಹೀಗಿದೆ. ವರ್ಷದ ಹನ್ನೆರಡೂ ತಿಂಗಳು 60 ಮಿ.ಮೀ.ಗೆ ಕಡಿಮೆ ಇಲ್ಲದ ಹಾಗೆ ಮಳೆ ಬಂದರೆ ಅದು ಮಳೆಕಾಡಿನ ಹವಾಗುಣ. ಸಿಂಗಪುರ ಹಾಗೆ. ಒಂದು ತಿಂಗಳಾದರೂ 60ರ ಕೆಳಗೆ ಇಳಿಯಿತೋ, ಆಗ ಎರಡೇ ದಾರಿ. ಮಾನ್ಸೂನ್ ಅಥವಾ ಸವಾನಾ. ಯಾವುದು ಅಂತ ತೀರ್ಮಾನ ಮಾಡಲು ವರ್ಷದ ಮಳೆಯನ್ನು 25ರಿಂದ ಭಾಗಿಸಿ, ಬಂದದ್ದನ್ನು 100ರಲ್ಲಿ ಕಳೆಯಿರಿ. ಅತಿ ಒಣ ತಿಂಗಳಲ್ಲಿ ಅಷ್ಟು ಮಳೆಯಾದರೂ ಬಿದ್ದರೆ ಮಾನ್ಸೂನ್, ಇಲ್ಲದಿದ್ದರೆ ಸವಾನಾ.

ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ. ಮೇಲೆ. ಭಾಗಿಸಿದರೆ 280. ನೂರರಲ್ಲಿ ಅಷ್ಟು ಕಳೆದರೆ ಸೊನ್ನೆಗಿಂತ ಕೆಳಗೆ ಹೋಯಿತು. ಅಂದರೆ ಜನವರಿಯಲ್ಲಿ ಒಂದು ಹನಿ ಬೀಳದಿದ್ದರೂ ಆಗುಂಬೆ ಪಾಸ್. ಶಿವಮೊಗ್ಗ ನಗರದ್ದು ಸಾವಿರದ ಆಚೀಚೆ. ಭಾಗಿಸಿದರೆ 40, ಕಳೆದರೆ 60. ಜನವರಿ ತಿಂಗಳಲ್ಲಿ 60 ಮಿ.ಮೀ. ಮಳೆಯನ್ನು ಶಿವಮೊಗ್ಗದಲ್ಲಿ ಯಾರಾದರೂ ಕಂಡಿದ್ದೀರಾ?

ಅಡಿಕೆ ದೋಟಿ, ಹೊಸನಗರ:
ಲೆಕ್ಕ ಸರಿ ಮೇಷ್ಟ್ರೇ. ಆದರೆ ನೆಲದ ಮೇಲೆ ಹೊಂದುವುದಿಲ್ಲ. ಶೆಟ್ಟಿಹಳ್ಳಿ ಕಾಡು ಶಿವಮೊಗ್ಗದ ಬಾಗಿಲಲ್ಲೇ ಇದೆ, ಅದೇನು ಹುಲ್ಲುಗಾವಲಾ? ಇನ್ನೊಂದು ಪ್ರಶ್ನೆ. ಸಿಂಗಪುರಕ್ಕೆ ಎರಡು ಸಾವಿರ ಚಿಲ್ಲರೆ ಮಳೆ, ಆಗುಂಬೆಗೆ ಅದರ ಮೂರು ಪಟ್ಟು. ಮಳೆಯಿಂದಲೇ ಕಾಡು ಅನ್ನುವುದಾದರೆ ನಮ್ಮ ಕಾಡು ಅವರದ್ದಕ್ಕಿಂತ ಒಂದು ಕೈ ಮೇಲೇ ಇರಬೇಕಿತ್ತಲ್ಲ? ಮತ್ತೆ ಅವರದ್ದು ಮಾತ್ರ ಯಾಕೆ ಮಳೆಕಾಡು, ನಮ್ಮದು ಯಾಕೆ ಒಂದು ಮೆಟ್ಟಿಲು ಕೆಳಗೆ?

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:
ಎರಡನೆಯ ಪ್ರಶ್ನೆ ಒಳ್ಳೆಯದು, ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಕೆರೆ ಕೋಡಿ ಬಿದ್ದ ಮೇಲೆ ಬಂದ ನೀರು ಕೆರೆಯದ್ದಲ್ಲ. ಆರಿದ್ರಾ, ಪುನರ್ವಸು ಎರಡು ಮಳೆ ಹೊಡೆಯುವುದರೊಳಗೆ ಆಗುಂಬೆಯ ಮಣ್ಣು ಹೊಟ್ಟೆ ತುಂಬಾ ಕುಡಿದಿರುತ್ತದೆ. ಆಮೇಲೆ ಬೀಳುವುದೆಲ್ಲ ಪಶ್ಚಿಮಕ್ಕೆ ಸೀತಾನದಿ, ಪೂರ್ವಕ್ಕೆ ಮಾಲತಿ ಹೊಳೆ. ಮರಕ್ಕೆ ಅದರಿಂದ ಏನೂ ಸಿಗುವುದಿಲ್ಲ. ಮರದ ಪರೀಕ್ಷೆ ಆಗಸ್ಟ್‌ನಲ್ಲಿ ಅಲ್ಲ, ಮಾರ್ಚ್‌ನಲ್ಲಿ. ಸಿಂಗಪುರದಲ್ಲಿ ಪ್ರತಿ ತಿಂಗಳೂ ನೂರು ಮಿ.ಮೀ. ಮೇಲೆ ಬೀಳುತ್ತದೆ, ಅಲ್ಲಿನ ಮರಕ್ಕೆ ಬೇಸಿಗೆ ಅಂದರೆ ಏನು ಅಂತಲೇ ಗೊತ್ತಿಲ್ಲ. ನಮ್ಮ ಮರ ದೀಪಾವಳಿ ಕಳೆದ ಮೇಲೆ ಮೇ ತಿಂಗಳ ಅಡ್ಡಮಳೆಯ ತನಕ ಕಾಯಬೇಕು.

ಪಶ್ಚಿಮಘಟ್ಟದಲ್ಲೇ ಇದಕ್ಕೆ ಸಾಕ್ಷಿ ಇದೆ. ಕೇರಳದ ದಕ್ಷಿಣ ತುದಿಯಲ್ಲಿ ಒಣ ತಿಂಗಳು ಎರಡು-ಮೂರು. ಬಡಗಣಕ್ಕೆ ಹೋದ ಹಾಗೆ ಜಾಸ್ತಿಯಾಗುತ್ತಾ ಹೋಗಿ ಘಟ್ಟದ ಉತ್ತರ ತುದಿಯಲ್ಲಿ ಏಳೆಂಟು ತಿಂಗಳಾಗುತ್ತದೆ. ಮಹಾಬಲೇಶ್ವರಕ್ಕೆ 5000 ಮಿ.ಮೀ. ಮೇಲೆ ಮಳೆ, ಯಾವ ಮಳೆಕಾಡಿಗೂ ಕಮ್ಮಿ ಇಲ್ಲ. ಆದರೂ ಅಲ್ಲಿನ ಕಾಡು ಕುಳ್ಳು. ನಿತ್ಯಹರಿದ್ವರ್ಣದ ಮರಜಾತಿಗಳ ಸಂಖ್ಯೆ ದಕ್ಷಿಣದಿಂದ ಉತ್ತರಕ್ಕೆ ಇಳಿಯುತ್ತಲೇ ಹೋಗುತ್ತದೆ. ಇದರಲ್ಲಿ ಮಳೆಯ ಮೊತ್ತಕ್ಕಿಂತ ಒಣ ತಿಂಗಳ ಕೈವಾಡವೇ ದೊಡ್ಡದು.

ಹಾಗಾದರೆ ಆಗುಂಬೆ ಹೇಗೆ ಹಸಿರಾಗಿಯೇ ಉಳಿಯಿತು ಅಂತ ಕೇಳುತ್ತೀರಿ. ಮಳೆಗಾಲ ಉದ್ದ, ಕಣಿವೆಯಲ್ಲಿ ಒರತೆ ಬತ್ತುವುದಿಲ್ಲ, ಫೆಬ್ರವರಿಯ ಬೆಳಿಗ್ಗೆಯೂ ಕಾವಳ ಕವಿದಿರುತ್ತದೆ. ಎಲೆಯೂ ದಪ್ಪ, ಮೇಲೆ ಮೇಣದಂಥ ಹೊಳಪು. ಬೇಸಿಗೆಯಲ್ಲಿ ಅಲ್ಲಿಗೆ ಹೋದರೆ ನಾಗಸಂಪಿಗೆಯನ್ನು ನೋಡಿ. ಶಿವಮೊಗ್ಗದ ಪಕ್ಕದ ತೇಗ ಬೋಳಾಗಿ ನಿಂತಿರುವ ಹೊತ್ತಿಗೆ ಅದು ಕೆಂಪು ಚಿಗುರು ಬಿಡುತ್ತಿರುತ್ತದೆ. ಆ ಚಿಗುರು ಜೋತುಬಿದ್ದು ಮೆತ್ತಗೆ ಇರುತ್ತದೆ, ಮುಟ್ಟಿದರೆ ಒದ್ದೆ ಬಟ್ಟೆ ಅನ್ನಬೇಕು, ಬಲಿತ ಎಲೆಯಾದರೆ ಮಡಚಿದರೆ ಪಟ್ ಅಂತ ಮುರಿಯುತ್ತದೆ.

ಮೊದಲ ಪ್ರಶ್ನೆ, ಶೆಟ್ಟಿಹಳ್ಳಿಯದ್ದು. ಸವಾನಾ ಅನ್ನುವುದು ಇಲ್ಲಿ ಹವಾಗುಣದ ಹೆಸರು. ಅದೇ ಹವಾಗುಣದಲ್ಲಿ ಹುಲ್ಲುಗಾವಲೂ ಬರಬಹುದು, ಎಲೆ ಉದುರಿಸುವ ಕಾಡೂ ಬರಬಹುದು. ಶೆಟ್ಟಿಹಳ್ಳಿ ಎರಡನೆಯ ಜಾತಿ. ಪೂರ್ವದ ಅಂಚಿನಲ್ಲಿ ದಿಂಡಿಗ, ಕಗ್ಗಲಿ. ನಡುವೆ ಮತ್ತಿ, ನಂದಿ, ಹೊನ್ನೆ, ತೇಗ. ಪಶ್ಚಿಮಕ್ಕೆ ಸರಿದರೆ ಅರೆ ನಿತ್ಯಹರಿದ್ವರ್ಣ. ಒಂದೇ ಅಭಯಾರಣ್ಯದೊಳಗೆ ಇಷ್ಟೂ ಸಿಗುತ್ತದೆ.

ಕಾನುಗಾರ, ಸೊರಬ:
ಮೇಷ್ಟ್ರೇ, ನಮ್ಮ ಸೊರಬದ ಕಾನುಗಳನ್ನು, ಅಂದರೆ ಊರವರು ಕಾಯ್ದುಕೊಂಡ ದಟ್ಟ ಹಸಿರು ಕಾಡಿನ ತುಂಡುಗಳನ್ನು, ಈ ಲೆಕ್ಕದಲ್ಲಿ ಎಲ್ಲಿ ಕೂರಿಸುತ್ತೀರಿ? ಇಲ್ಲಿ ಆಗುಂಬೆಯ ಮಳೆ ಇಲ್ಲ, ಅದರ ಕಾಲು ಭಾಗ ಬಂದರೆ ಹೆಚ್ಚು. ಸುತ್ತ ಮತ್ತಿ, ಕಿಂದಳ, ನಂದಿ ಎಲ್ಲ ಶಿವರಾತ್ರಿಗೆ ಬೋಳು. ಅದರ ನಡುವೆ ಕಾನು ಮಾತ್ರ ಕಪ್ಪು ಹಸಿರು. ಒಳಗೆ ಹೆಬ್ಬಲಸು, ಬೈನೆ, ರಾಮಪತ್ರೆ, ಮರಕ್ಕೆ ಹಬ್ಬಿದ ಕಾಡು ಮೆಣಸು. ಹೊರಗೆ ದರಗು (ಉದುರಿದ ಒಣ ಎಲೆ) ಚರಚರ ಅನ್ನುತ್ತಿದ್ದರೆ ಒಳಗೆ ಹತ್ತು ಹೆಜ್ಜೆ ಇಟ್ಟರೆ ಸದ್ದೇ ಇಲ್ಲ, ಎಲೆಯೆಲ್ಲ ಒದ್ದೆಯಾಗಿ ಕೊಳೆತು ಕಾಲು ಮೆತ್ತಗೆ ಹೂಳುತ್ತದೆ. ಅದೇ ಮಳೆ, ಅದೇ ಒಣ ತಿಂಗಳು. ಹವಾಗುಣವೇ ಎಲ್ಲ ಅನ್ನುವುದಾದರೆ ಕಾನು ಇರಲೇಬಾರದಿತ್ತು.

ನಮ್ಮ ಕಡೆ ಹಿರಿಯರು ಹೇಳುವುದು ಇಷ್ಟೇ. ಕಾನಿಗೆ ಕೊಡಲಿ ಹಾಕಬಾರದು, ಬೆಂಕಿ ತರಬಾರದು. ಒಳಗೆ ಚೌಡಮ್ಮ ಇದ್ದಾಳೆ, ಭೂತಪ್ಪ ಇದ್ದಾನೆ. ಮೆಣಸು ಕೊಯ್ಯುವುದಕ್ಕೆ ಹೋಗಬಹುದು, ಸೌದೆಗೆ ಅಲ್ಲ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:
ಇದಕ್ಕೆ ಪೂರ್ತಿ ಉತ್ತರ ಒಂದು ಸಾಲಿನಲ್ಲಿ ಆಗುವುದಿಲ್ಲ. ಒಂದು, ಕಾನುಗಳು ಜಾಸ್ತಿ ಇರುವುದು ಹಳ್ಳ ಹುಟ್ಟುವ ತಾವಿನಲ್ಲಿ, ನೀರು ಹಿಡಿಯುವ ಮಣ್ಣಿನಲ್ಲಿ. ಮಳೆಗಾಲ ಮುಗಿದ ಮೇಲೂ ಬೇರಿಗೆ ತೇವ ಸಿಗುತ್ತದೆ. ಎರಡು, ನೀವೇ ಹೇಳಿದಿರಲ್ಲ, ಬೆಂಕಿ. ನಿಮ್ಮ ಸೊರಬದ ಮಳೆ, ಉಷ್ಣತೆ ಇರುವ ಜಾಗದಲ್ಲಿ ದಟ್ಟ ಕಾಡೂ ನಿಲ್ಲಬಹುದು, ಹುಲ್ಲು ಮತ್ತು ಬಿಡಿ ಮರವೂ ನಿಲ್ಲಬಹುದು. ರಾಬರ್ಟ್ ವಿಟ್ಟೇಕರ್ 1975ರಲ್ಲಿ ಮಳೆ ಒಂದು ಕಡೆ, ಉಷ್ಣತೆ ಇನ್ನೊಂದು ಕಡೆ ಇಟ್ಟು ಜಗತ್ತಿನ ಸಸ್ಯವಲಯಗಳನ್ನೆಲ್ಲ ಒಂದೇ ಚಿತ್ರದಲ್ಲಿ ಕೂರಿಸಿದರು. ಈಗಲೂ ಎಷ್ಟೋ ಪಠ್ಯಗಳಲ್ಲಿ ಆ ಚಿತ್ರ ಇದೆ. ಅದರ ನಡುವಿನ ಭಾಗದಲ್ಲಿ ಯಾವ ಸಸ್ಯ ಗೆಲ್ಲುತ್ತದೆ ಅನ್ನುವುದನ್ನು ಬೆಂಕಿ, ಮೇಯುವ ಪ್ರಾಣಿ, ಮಣ್ಣು ತೀರ್ಮಾನಿಸುತ್ತವೆ. ನಿಮ್ಮ ಕಾನು ಆ ನಡುವಿನ ಭಾಗದ್ದು.

ಔಲುವಿನ ಸಾಗರದವಳು:
ಇಲ್ಲಿ ಸುಮ್ನೆ ಓದುತ್ತಿದ್ದೆ, ಬರೆಯದೆ ಇರಲು ಆಗಲಿಲ್ಲ. ನಾನು ಸಾಗರದವಳು, ಈಗ ಇರುವುದು ಫಿನ್ಲೆಂಡಿನ ಔಲುವಿನಲ್ಲಿ. ಇಲ್ಲಿ ವರ್ಷಕ್ಕೆ ಮಳೆ-ಹಿಮ ಎರಡೂ ಸೇರಿ 500 ಮಿ.ಮೀ. ಒಳಗೆ. ಸಾಗರದಲ್ಲಿ ಒಂದು ಜುಲೈ ತಿಂಗಳಲ್ಲಿ ಬೀಳುವುದಕ್ಕಿಂತ ಕಡಿಮೆ. ಆದರೆ ಕಣ್ಣು ಹಾಯಿಸಿದ ಕಡೆಯೆಲ್ಲ ಕಾಡು, ದೇಶದ ಮುಕ್ಕಾಲು ಪಾಲು ಕಾಡೇ. ಕಾಡಿಲ್ಲದ ಕಡೆ ಜೌಗು. ಪೈನ್, ಸ್ಪ್ರೂಸ್, ಬರ್ಚ್ ಈ ಮೂರು ಮರ ಗುರುತಿಸಲು ಬಂದರೆ ಕಾಡು ಬಹುಪಾಲು ಗೊತ್ತಾದ ಹಾಗೆ. ನಮ್ಮ ಮನೆ ಹಿಂದಿನ ಬೆಟ್ಟದಲ್ಲಿ ಒಂದೇ ಗಂಟೆಯಲ್ಲಿ ಇದಕ್ಕಿಂತ ಎಷ್ಟೋ ಜಾತಿ ಎಣಿಸಬಹುದಿತ್ತು.

ಇಲ್ಲಿ ನೆಲ ಕಾಣುವುದೇ ಇಲ್ಲ. ಪೂರ್ತಿ ಪಾಚಿ. ಕಾಲಿಟ್ಟರೆ ಹರಡಿನವರೆಗೆ ಇಳಿಯುತ್ತದೆ, ತೆಗೆದರೆ ನಿಧಾನಕ್ಕೆ ಮೇಲೇಳುತ್ತದೆ. ಅದರ ನಡುವೆ ಮೊಣಕಾಲೆತ್ತರ ಕೂಡ ಇಲ್ಲದ ಬ್ಲೂಬೆರಿ ಗಿಡ. ಜುಲೈ ಕೊನೆಗೆ ಎಲ್ಲರೂ ಡಬ್ಬಿ ಹಿಡಿದು ಹೋಗುತ್ತಾರೆ, ಯಾರ ಕಾಡಿನಲ್ಲಿ ಬೇಕಾದರೂ ಕೀಳಬಹುದು, ಇಲ್ಲಿ ಅದು ಎಲ್ಲರ ಹಕ್ಕು. ಸೊಳ್ಳೆಗೆ ಮಾತ್ರ ಯಾವ ಕಾನೂನೂ ಇಲ್ಲ.

ಬಯಲುಸೀಮೆಯವ, ಚಳ್ಳಕೆರೆ:
ಅಕ್ಕ, ನಿಮ್ಮಲ್ಲೂ 500, ನಮ್ಮ ಚಳ್ಳಕೆರೆಯಲ್ಲೂ 500ರ ಆಸುಪಾಸು. ನಿಮಗೆ ಜೌಗು, ನಮಗೆ ಜಾಲಿಮುಳ್ಳು. ಇದು ಯಾವ ನ್ಯಾಯ?

ಔಲುವಿನ ಸಾಗರದವಳು:
ಸೂರ್ಯನ ನ್ಯಾಯ ತಮ್ಮಾ. ಇಲ್ಲಿ ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ ನೀರು ಆವಿಯಾಗಿ ಹೋಗುವುದು ತೀರಾ ಕಮ್ಮಿ. ಬಿದ್ದ ಹಿಮ ಬಿದ್ದ ಹಾಗೇ ಇರುತ್ತದೆ, ಏಪ್ರಿಲ್-ಮೇ ತಿಂಗಳಲ್ಲಿ ಒಟ್ಟಿಗೆ ಕರಗುತ್ತದೆ. ಮರ ಎದ್ದು ಕೆಲಸ ಶುರು ಮಾಡುವ ಹೊತ್ತಿಗೆ ನೆಲ ತುಂಬಿರುತ್ತದೆ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:
ಇದೇ ನಾನು ಹೇಳಬೇಕು ಅಂತಿದ್ದದ್ದು. ಚಳ್ಳಕೆರೆಯ ಬಿಸಿಲು ಮತ್ತು ಗಾಳಿ ವರ್ಷಕ್ಕೆ ಎಳೆದುಕೊಳ್ಳಬಲ್ಲ ನೀರು ಅಲ್ಲಿ ಬೀಳುವ ಮಳೆಯ ಎರಡು-ಮೂರು ಪಟ್ಟು. ಔಲುವಿನಲ್ಲಿ ಬೀಳುವುದೇ ಹೆಚ್ಚು, ಹೋಗುವುದು ಕಡಿಮೆ. ಆದ್ದರಿಂದ ಒಣ ತಿಂಗಳು ಅಂದರೆ ಮಳೆ ಬಾರದ ತಿಂಗಳು ಅಂತ ಮಾತ್ರ ಅಲ್ಲ. ಬಿದ್ದದ್ದಕ್ಕಿಂತ ಹೋಗುವುದು ಜಾಸ್ತಿಯಾದ ತಿಂಗಳು.

ಇದರ ಅತಿ ವಿಚಿತ್ರ ಉದಾಹರಣೆ ಸೈಬೀರಿಯಾದ ಯಾಕುತ್ಸ್ಕ್. ವರ್ಷಕ್ಕೆ ಸುಮಾರು 240 ಮಿ.ಮೀ. ಮಾತ್ರ. 250ಕ್ಕಿಂತ ಕಡಿಮೆ ಬಿದ್ದರೆ ಮರುಭೂಮಿ ಅಂತ ನಾವು ಶಾಲೆಯಲ್ಲಿ ಹೇಳಿಕೊಡುತ್ತಿದ್ದೆವು. ಅಲ್ಲಿ ನೋಡಿದರೆ ಸಾವಿರಾರು ಕಿಲೋಮೀಟರ್ ಲಾರ್ಚ್ ಕಾಡು! ನೆಲದಡಿ ನೂರಾರು ಮೀಟರ್ ಆಳ ವರ್ಷವಿಡೀ ಹೆಪ್ಪುಗಟ್ಟಿದ ಮಣ್ಣು. ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೀಟರ್ ಕರಗುತ್ತದೆ. ಆ ನೀರು ಕೆಳಗೆ ಇಂಗಲು ಆಗದೆ ಬೇರಿನ ಹತ್ತಿರವೇ ನಿಲ್ಲುತ್ತದೆ. ಹೆಪ್ಪು ಕರಗಿ ಹೋದರೆ ಆ ಕಾಡಿನ ಬುಡವೇ ಅಲ್ಲಾಡಿತು. ಅದೇ ಸೈಬೀರಿಯಾದ ವೆರ್ಖೊಯಾನ್ಸ್ಕ್ ಊರಲ್ಲಿ 1892ರ ಚಳಿಗಾಲಕ್ಕೆ ಸೊನ್ನೆಗಿಂತ 67.8 ಡಿಗ್ರಿ ಕೆಳಗೆ ದಾಖಲಾಗಿತ್ತು. 2020ರ ಜೂನ್ 20ರಂದು ಅಲ್ಲೇ 38 ಡಿಗ್ರಿ. ನಮ್ಮ ಶಿವಮೊಗ್ಗದ ಏಪ್ರಿಲ್ ಬಿಸಿಲು ಅಂದುಕೊಳ್ಳಿ.

ಪಿಯು ಹುಡುಗಿ, ತೀರ್ಥಹಳ್ಳಿ:
ಸರ್ ಒಂದು ಡೌಟು. ಲಾರ್ಚ್ ಎಲೆ ಉದುರಿಸುತ್ತದೆ ಅಂತ ಓದಿದ್ದೇನೆ, ಪೈನ್ ಉದುರಿಸಲ್ಲ. ಯೂರೋಪಿನ ಓಕ್ ಉದುರಿಸುತ್ತದೆ, ನಮ್ಮ ಮತ್ತಿಯೂ ಉದುರಿಸುತ್ತದೆ. ಯಾರು ಯಾಕೆ ಉದುರಿಸುತ್ತಾರೆ ಅಂತ ಒಂದೇ ಕಾರಣ ಬರೆಯಬಹುದಾ? ಪರೀಕ್ಷೆಗೆ ಬೇಕು.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:
ಬರೆಯಬಹುದು ಮಗಾ. ಎಲೆ ಅಂದರೆ ನೀರು ಸೋರುವ ಜಾಗ. ಬೇರಿಗೆ ನೀರು ಸಿಗದ ಕಾಲ ಬಂದಾಗ ಆ ಜಾಗ ಮುಚ್ಚಬೇಕು. ನಮ್ಮ ಮತ್ತಿಗೆ ಆ ಕಾಲ ಬೇಸಿಗೆ. ಓಕ್‌ಗೆ ಅದು ಚಳಿಗಾಲ, ಏಕೆಂದರೆ ಹೆಪ್ಪುಗಟ್ಟಿದ ನೀರನ್ನು ಬೇರು ಹೀರಲಾರದು, ಬೆಳಕೂ ಕಡಿಮೆ. ಮರದ ಲೆಕ್ಕದಲ್ಲಿ ಕಡು ಚಳಿಯೂ ಒಂದು ಬರವೇ. ಹಗಲು ಕಿರಿದಾಗುವುದನ್ನು ನೋಡಿಕೊಂಡು ಓಕ್ ಅಕ್ಟೋಬರ್-ನವೆಂಬರಿಗೆ ಎಲೆ ಬಿಡುತ್ತದೆ. ಮತ್ತಿ ಮಣ್ಣಿನ ತೇವ ನೋಡಿಕೊಂಡು ಬಿಡುತ್ತದೆ, ಅದಕ್ಕೇ ಒಳ್ಳೆ ಹಿಂಗಾರು ಬಂದ ವರ್ಷ ಸ್ವಲ್ಪ ತಡ.

ಪೈನ್‌ನದ್ದು ಬೇರೆ ಉಪಾಯ. ಬೇಸಿಗೆ ಎರಡು-ಮೂರೇ ತಿಂಗಳು ಇರುವಾಗ ಪ್ರತಿ ವರ್ಷ ಹೊಸ ಎಲೆ ಮಾಡುವುದು ದುಬಾರಿ. ಅದಕ್ಕೆ ಸೂಜಿಯಂಥ ಸಣ್ಣ, ಮೇಣ ಬಳಿದ ಎಲೆ ಇಟ್ಟುಕೊಂಡು ಚಳಿಯಲ್ಲಿ ತಡೆದುಕೊಳ್ಳುತ್ತದೆ. ಸೈಬೀರಿಯಾದಷ್ಟು ಚಳಿಯಾದರೆ ಅದೂ ನಡೆಯುವುದಿಲ್ಲ, ಲಾರ್ಚ್ ಸೂಜಿಯನ್ನೂ ಕೆಡವಿ ನಿಲ್ಲುತ್ತದೆ. ಇನ್ನು ಹೊಂಗೆ ಯುಗಾದಿಯ ಉರಿ ಬಿಸಿಲಲ್ಲೇ ಚಿಗುರುತ್ತದಲ್ಲ ಅಂತ ಕೇಳಬೇಡ, ಅದರ ಬೇರು ಎಷ್ಟು ಆಳಕ್ಕೆ ಹೋಗಿದೆ ಅಂತ ನೋಡಬೇಕು. ನಿನ್ನ ಉತ್ತರ ಪತ್ರಿಕೆಗೆ ಇಷ್ಟು ಸಾಕು.

ನರ್ಸರಿಯವ, ರಿಪ್ಪನ್‌ಪೇಟೆ:
ಎಲ್ಲ ಓದಿದೆ. ನನ್ನ ಪ್ರಶ್ನೆ ಸರಳ. ಸವಾನಾ, ಕುರುಚಲು, ಬಯಲು ಏನೇ ಹೆಸರಿಡಿ, ಮರ ನೆಟ್ಟರೆ ಮಳೆ ಬರುತ್ತದೆ, ನೆಲ ತಂಪಾಗುತ್ತದೆ. ಚಳ್ಳಕೆರೆ ಕಡೆ ಖಾಲಿ ಬಿದ್ದ ಜಾಗದಲ್ಲೆಲ್ಲ ಸಸಿ ಹಾಕಿದರೆ ಏನು ನಷ್ಟ?

ಬಯಲುಸೀಮೆಯವ, ಚಳ್ಳಕೆರೆ:
ಇದಕ್ಕೇ ಕಾಯುತ್ತಿದ್ದೆ ಅಣ್ಣಾ. ಖಾಲಿ ಅಂತ ಯಾರು ಹೇಳಿದ್ದು?

ನಮ್ಮ ಕಡೆ ಅಮೃತಮಹಲ್ ಕಾವಲು ಅಂತಿವೆ. ಮೈಸೂರು ಅರಸರ ಕಾಲದಿಂದ ದನಗಳಿಗೆ ಕಾದಿಟ್ಟ ಹುಲ್ಲು. ನಿಮಗೆ ಪೇಟೆಯಿಂದ ಬಂದು ನೋಡಿದರೆ ಬೋಳು ನೆಲ. ಸರ್ಕಾರದ ಕಡತಗಳಲ್ಲಿ ಇಂಥ ಹುಲ್ಲುಗಾವಲಿಗೆ ಎಷ್ಟೋ ಕಡೆ ಪಾಳುಭೂಮಿ ಅಂತಲೇ ಹೆಸರು. ಮಳೆ ನಿಂತ ಮೇಲೆ ಬಂದು ಕೂತು ನೋಡಿ. ಈಟಿಯಂಥ ಬೀಜದ ಹುಲ್ಲೊಂದಿದೆ, ಪ್ಯಾಂಟಿಗೆ ಚುಚ್ಚಿಕೊಳ್ಳುತ್ತದೆ. ಒಂದನ್ನು ಕಿತ್ತು ಅಂಗೈ ಮೇಲಿಟ್ಟು ಒಂದು ಹನಿ ನೀರು ಹಾಕಿ. ಬಾಲ ತಾನೇ ತಿರುಗಲು ಶುರುವಾಗುತ್ತದೆ. ನೆಲದ ಮೇಲೆ ಬಿದ್ದರೆ ಇಬ್ಬನಿ ಬಿದ್ದಾಗ ಒಂದು ಕಡೆ, ಒಣಗಿದಾಗ ಇನ್ನೊಂದು ಕಡೆ ತಿರುಗುತ್ತಾ ಬೀಜವನ್ನು ಮಣ್ಣೊಳಗೆ ಕೊರೆದು ಇಳಿಸುತ್ತದೆ. ಬೆಂಕಿ ಬಂದರೂ ಬೀಜ ಒಳಗೆ ಕ್ಷೇಮ. ಇದು ನಿನ್ನೆ ಮೊನ್ನೆ ಕಾಡು ಕಡಿದ ಜಾಗಕ್ಕೆ ಬಂದ ಕಳೆ ಅಲ್ಲ, ಬೆಂಕಿ ಮತ್ತು ಬರದ ಜೊತೆ ಬಾಳಿ ಪಳಗಿದ ಗಿಡ.

ರಾಣೆಬೆನ್ನೂರಿನಲ್ಲಿ ಏನಾಯಿತು ನೋಡಿ. ನಿಮ್ಮ ಶಿಕಾರಿಪುರದಿಂದ ದೂರವಿಲ್ಲ. ಕೃಷ್ಣಮೃಗದ ಅಭಯಾರಣ್ಯ ಅದು. ಹುಲ್ಲು ಇದ್ದ ಜಾಗದಲ್ಲಿ ದೊಡ್ಡ ಭಾಗ ನೀಲಗಿರಿ ನೆಡುತೋಪು ಆಯಿತು. ಹಿಂದೆ ಅಲ್ಲಿ ಎರೆಭೂತ ಹಕ್ಕಿ ಇತ್ತು, ಈಗಿಲ್ಲ. ಮರ ಬಂದರೆ ಆ ಹಕ್ಕಿಗೆ ಬಯಲು ಕಾಣುವುದಿಲ್ಲ, ಅಲ್ಲಿ ಅದು ನಿಲ್ಲುವುದಿಲ್ಲ. ನೀಲಗಿರಿ ಹೊಸದಾಗಿ ನೆಡುವುದನ್ನು 2017ರಲ್ಲಿ ಕರ್ನಾಟಕ ನಿಷೇಧಿಸಿತು, ಆದರೆ ಹೋದ ಹುಲ್ಲು ಒಂದು ಆದೇಶಕ್ಕೆ ವಾಪಸ್ ಬರುತ್ತದಾ?

ಅಡಿಕೆ ದೋಟಿ, ಹೊಸನಗರ:
ನೀಲಗಿರಿ ಬಿಡಿ, ನಮ್ಮಲ್ಲಿ ಅಕೇಶಿಯಾ. ಆಸ್ಟ್ರೇಲಿಯಾದ ಉತ್ತರದ್ದು. ಅದರ ಅಡಿ ಒಂದು ಹುಲ್ಲು ಎಸಳು ಇಲ್ಲ, ದರಗು ಗೊಬ್ಬರಕ್ಕೂ ಬೇಗ ಕೊಳೆಯದು. ನಮ್ಮ ಬ್ಯಾಣ (ದನ ಮೇಯುವ ಹುಲ್ಲಿನ ಜಾಗ) ಎಲ್ಲ ಹೋಯಿತು, ದನ ಎಲ್ಲಿ ಮೇಯಬೇಕು? ಚಳ್ಳಕೆರೆಯವರ ಮಾತಿಗೆ ನನ್ನ ಓಟು.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:
ನರ್ಸರಿಯವರೇ, ಆಫ್ರಿಕಾದಲ್ಲಿ ನಡೆದ ಎರಡು ಸಂಗತಿ ಕೇಳಿ. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದಲ್ಲಿ 1954ರಿಂದ ಪ್ರಯೋಗದ ತಾಕುಗಳಿವೆ. ಕೆಲವಕ್ಕೆ ವರ್ಷವೂ ಬೆಂಕಿ, ಕೆಲವಕ್ಕೆ ಮೂರು ವರ್ಷಕ್ಕೊಮ್ಮೆ, ಕೆಲವಕ್ಕೆ ಇಲ್ಲವೇ ಇಲ್ಲ. ಮಳೆ ಜಾಸ್ತಿ ಬೀಳುವ ಕಡೆ ಬೆಂಕಿ ತಡೆದ ತಾಕುಗಳಲ್ಲಿ ಮರ ದಟ್ಟವಾಯಿತು. ಹವಾಗುಣ ಒಂದೇ, ಬೇಲಿಯ ಆಚೆ ಈಚೆ ಬೇರೆ ಸಸ್ಯ. ಸೊರಬದ ಕಾನಿಗೆ ಇದು ಹೊಂದುತ್ತದೆ.

ಇನ್ನೊಂದು ಸೆರೆಂಗೆಟಿಯದ್ದು. ನಮ್ಮ ಹಳೆಯ ರೈತರಿಗೆ ದೊಡ್ಡರೋಗ ಗೊತ್ತು, ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿ ಮಾಡುತ್ತಿದ್ದ ದನದ ರೋಗ. 1890ರ ದಶಕದಲ್ಲಿ ಅದು ಆಫ್ರಿಕಾವನ್ನು ಉದ್ದಕ್ಕೂ ಗುಡಿಸಿತು. ವಿಲ್ಡೆಬೀಸ್ಟ್ ಅನ್ನುವ ಕಾಡುದನವೂ ಸತ್ತಿತು. ಆಮೇಲೆ ಸುತ್ತಲಿನ ಊರ ದನಗಳಿಗೆ ಲಸಿಕೆ ಹಾಕಿ ರೋಗ ತಡೆದಾಗ, 1960ರ ಸುಮಾರಿಗೆ ಎರಡೂವರೆ ಲಕ್ಷ ಇದ್ದ ವಿಲ್ಡೆಬೀಸ್ಟ್ 70ರ ದಶಕದ ಕೊನೆಗೆ 13 ಲಕ್ಷದ ಹತ್ತಿರ ಬಂತು. ಅಷ್ಟು ಬಾಯಿ ಹುಲ್ಲು ಮೇಯ್ದರೆ ಬೆಂಕಿಗೆ ಏನು ಉಳಿಯುತ್ತದೆ? ಬೆಂಕಿ ಕಡಿಮೆಯಾಯಿತು, ಬೆಂಕಿ ಕಡಿಮೆಯಾದದ್ದಕ್ಕೆ ಎಳೆ ಮರಗಳು ಬದುಕಿ ಎದ್ದವು. ದನಕ್ಕೆ ಹಾಕಿದ ಸೂಜಿ ಕೊನೆಗೆ ಮರ ಬೆಳೆಸಿತು! ದೊಡ್ಡರೋಗ ಜಗತ್ತಿನಿಂದಲೇ ಹೋಯಿತು ಅಂತ 2011ರಲ್ಲಿ ಘೋಷಿಸಿದರು.

ಆದ್ದರಿಂದ ಎಲ್ಲ ಬಯಲೂ ಕಡಿದು ಹಾಳಾದ ಕಾಡು ಅಂತ ತಿಳಿಯಬೇಡಿ. ಕೆಲವು ಹಾಗೆ ಇರಬಹುದು, ಊರಿನ ಪಕ್ಕದ ಗುಡ್ಡ ನೋಡಿದರೆ ಗೊತ್ತಾಗುತ್ತದೆ. ಆದರೆ ಬ್ರೆಜಿಲಿನ ಸೆರಾಡೋ ಅನ್ನುವ ಸವಾನಾ ಒಂದೇ ಸುಮಾರು 20 ಲಕ್ಷ ಚದರ ಕಿಲೋಮೀಟರ್, ಅದನ್ನು ಯಾರೂ ಕಡಿದು ಮಾಡಿದ್ದಲ್ಲ.

ನರ್ಸರಿಯವ, ರಿಪ್ಪನ್‌ಪೇಟೆ:
ಸರಿ, ಹುಲ್ಲಿನ ಜಾಗಕ್ಕೆ ಹುಲ್ಲು. ಆದರೆ ಮಲೆನಾಡಿನಲ್ಲಿ ಕಡಿದದ್ದನ್ನು ಮತ್ತೆ ಬೆಳೆಸಲು ಯಾಕೆ ಇಷ್ಟು ಕಷ್ಟ? ಕಾಡಿನ ಮಣ್ಣು ಚಿನ್ನ ಅನ್ನುತ್ತಾರೆ. ನಮ್ಮ ಸಸಿ ಬೋಳು ಗುಡ್ಡದಲ್ಲಿ ಎರಡನೇ ಬೇಸಿಗೆ ದಾಟುವುದೇ ಕಷ್ಟ.

ಅಡಿಕೆ ದೋಟಿ, ಹೊಸನಗರ:
ಕಾಡಿನ ಮಣ್ಣು ಚಿನ್ನ ಅಲ್ಲ ಮಾರಾಯ್ರೆ, ಚಿನ್ನ ಇರುವುದು ಸೊಪ್ಪಿನಲ್ಲಿ. ಅಡಿಕೆ ತೋಟದವರನ್ನು ಕೇಳಿ. ಸೊಪ್ಪಿನಬೆಟ್ಟದ ಸೊಪ್ಪು, ಕೊಟ್ಟಿಗೆ ಗೊಬ್ಬರ ಹಾಕದೆ ತೋಟ ಎಷ್ಟು ವರ್ಷ ನಿಲ್ಲುತ್ತದೆ? ಇಷ್ಟು ಮಳೆಗೆ ಸಾರವೆಲ್ಲ ತೊಳೆದು ಹೋಗಿ ಜಂಬಿಟ್ಟಿಗೆ ಉಳಿದಿರುತ್ತದೆ. ಹಿಂದೆ ಕುಮರಿ ಮಾಡುತ್ತಿದ್ದವರು ಕಾಡು ಸುಟ್ಟು ಎರಡು-ಮೂರು ಬೆಳೆ ತೆಗೆದು ಮುಂದಕ್ಕೆ ಹೋಗುತ್ತಿದ್ದರು. ಬೂದಿಯ ಸಾರ ಅಷ್ಟಕ್ಕೇ ಮುಗಿಯುತ್ತಿತ್ತು.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:
ಅಮೆಜಾನ್‌ದೂ ಇದೇ ಕತೆ. ಸಾರ ಮಣ್ಣಲ್ಲಿಲ್ಲ, ಮರದ ಮೈಯಲ್ಲಿದೆ. ಎಲೆ ಬಿದ್ದು ಕೊಳೆತ ತಕ್ಷಣ ಮೇಲ್ಪದರದ ಬೇರು ಎಳೆದುಕೊಳ್ಳುತ್ತದೆ. ಹೊಳೆಗೆ ಹೋಗುವ ರಂಜಕವನ್ನು ಒಂದಿಷ್ಟು ತುಂಬಿಕೊಡುವುದು ಸಹಾರಾ ಮರುಭೂಮಿ! ಚಾಡ್ ದೇಶದ ಒಣಗಿದ ಸರೋವರದ ಧೂಳು ಅಟ್ಲಾಂಟಿಕ್ ದಾಟಿ ಬರುತ್ತದೆ. ಅದರಲ್ಲಿ ವರ್ಷಕ್ಕೆ ಸುಮಾರು 22,000 ಟನ್ ರಂಜಕ ಅಂತ ನಾಸಾ ಉಪಗ್ರಹದ ಅಂಕಿ ಹಿಡಿದು 2015ರಲ್ಲಿ ಲೆಕ್ಕ ಹಾಕಿದರು. ನಿಜವಾಗಿ ಚಿನ್ನದಂಥ ಮಣ್ಣು ಇರುವುದು ಮರವೇ ಇಲ್ಲದ ಕಡೆ. ಉಕ್ರೇನ್, ರಷ್ಯಾದ ಸ್ಟೆಪಿ, ಅಮೆರಿಕದ ಪ್ರೇರಿ. ಹುಲ್ಲಿನ ಬೇರು ವರ್ಷವರ್ಷವೂ ಸತ್ತು ಮಣ್ಣಲ್ಲೇ ಉಳಿದು, ಮಳೆ ಕಡಿಮೆಯಾದ್ದರಿಂದ ತೊಳೆದೂ ಹೋಗದೆ, ಕಪ್ಪು ಮಣ್ಣು ಮೀಟರ್ ಆಳಕ್ಕೆ ಕೂಡಿಬಿಟ್ಟಿದೆ. ಅದಕ್ಕೇ ಆ ಹುಲ್ಲುಗಾವಲು ಉಳಿಯಲಿಲ್ಲ, ಎಲ್ಲ ಗೋಧಿ ಗದ್ದೆ, ಜೋಳದ ಹೊಲ.

ಪಿಯು ಹುಡುಗಿ, ತೀರ್ಥಹಳ್ಳಿ:
ಸರ್, ಮರುಭೂಮಿ ಮತ್ತು ಮೆಡಿಟರೇನಿಯನ್ ಎರಡು ಸಾಲಿನಲ್ಲಿ ಹೇಳಿ. ಮತ್ತೆ ಕೊಡಚಾದ್ರಿ ತುದಿಯಲ್ಲಿ ಮರ ಇಲ್ಲ, ಬರೀ ಹುಲ್ಲು. ಅದನ್ನು ಟಂಡ್ರಾ ಅನ್ನಬಹುದಾ?

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ:
ಮರುಭೂಮಿ: ಸಮಭಾಜಕದ ಹತ್ತಿರ ಮೇಲೆದ್ದ ಗಾಳಿ ಅಲ್ಲೇ ಮಳೆ ಸುರಿಸಿ, ಒಣಗಿ, 30 ಡಿಗ್ರಿ ಅಕ್ಷಾಂಶದ ಸುತ್ತ ಕೆಳಗಿಳಿಯುತ್ತದೆ. ಸಹಾರಾ, ಅರೇಬಿಯಾ, ಆಸ್ಟ್ರೇಲಿಯಾದ ನಡುನಾಡು ಎಲ್ಲ ಆ ಪಟ್ಟಿಯಲ್ಲೇ ಇರುವುದು ಅದಕ್ಕೆ. ಮೆಡಿಟರೇನಿಯನ್: ನಮ್ಮ ಲೆಕ್ಕಕ್ಕೆ ಪೂರ್ತಿ ಉಲ್ಟಾ. ಚಳಿಗಾಲದಲ್ಲಿ ಮಳೆ, ಬೇಸಿಗೆ ಒಣ. ಬಿಸಿ ಇರುವಾಗ ನೀರಿಲ್ಲ, ನೀರಿರುವಾಗ ಬಿಸಿ ಇಲ್ಲ. ಅದಕ್ಕೆ ಆಲಿವ್‌ನಂಥ ಗಿಡ್ಡ ಮರ, ಗಟ್ಟಿ ಎಲೆಯ ಪೊದೆ. ಕ್ಯಾಲಿಫೋರ್ನಿಯಾ, ಚಿಲಿ, ಆಫ್ರಿಕಾದ ಕೇಪ್, ಆಸ್ಟ್ರೇಲಿಯಾದ ನೈಋತ್ಯ ಮೂಲೆಯಲ್ಲೂ ಇದೇ.

ಕೊಡಚಾದ್ರಿ ಟಂಡ್ರಾ ಅಲ್ಲ. ವರ್ಷದ ಅತಿ ಬಿಸಿ ತಿಂಗಳ ಸರಾಸರಿಯೂ 10 ಡಿಗ್ರಿ ದಾಟದ ಕಡೆ ಟಂಡ್ರಾ. 1343 ಮೀಟರ್ ಎತ್ತರಕ್ಕೆ ನಮ್ಮಲ್ಲಿ ಅಷ್ಟು ಚಳಿ ಎಲ್ಲಿಂದ ಬರಬೇಕು? ಸಾವಿರ ಮೀಟರ್ ಏರಿದರೆ ಆರು ಡಿಗ್ರಿ ಚಿಲ್ಲರೆ ಇಳಿಯುತ್ತದೆ ಅಷ್ಟೇ. ಅಲ್ಲಿ ಮರ ನಿಲ್ಲದಿರುವುದಕ್ಕೆ ಗಾಳಿ, ತೆಳು ಮಣ್ಣು, ಬೆಂಕಿ ಕಾರಣ. ಅದೇ ಬೆಟ್ಟದ ಮಡಿಲಲ್ಲಿ, ಗಾಳಿ ತಾಗದ ಕಡೆ ಶೋಲಾ ಅನ್ನುವ ಗಿಡ್ಡ ನಿತ್ಯಹರಿದ್ವರ್ಣ ಕಾಡು ತುಂಬಿಕೊಂಡಿದೆ. ನೀಲಗಿರಿ ಬೆಟ್ಟದಲ್ಲಾದರೆ ಇನ್ನೊಂದು ಕಾರಣ ಸೇರುತ್ತದೆ, ಡಿಸೆಂಬರ್-ಜನವರಿಯ ಹೆಪ್ಪು ಇಬ್ಬನಿ ಹುಲ್ಲಿನ ಮೇಲೆ ಕೂತು ಬಯಲಲ್ಲಿ ಮೊಳೆತ ಮರದ ಸಸಿಯನ್ನು ಸುಡುತ್ತದೆ.

ಔಲುವಿನ ಸಾಗರದವಳು:
ಟಂಡ್ರಾದ ಬಗ್ಗೆ ಒಂದು ಸೇರಿಸುತ್ತೇನೆ ಪುಟ್ಟಿ. ಉತ್ತರದ ಲ್ಯಾಪ್‌ಲ್ಯಾಂಡ್ ಬೆಟ್ಟಗಳಿಗೆ ಹೋದಾಗ ಮರ ಎಲ್ಲಿ ಮುಗಿಯುತ್ತದೆ ಅಂತ ನೋಡುತ್ತಾ ಏರಿದೆ. ಒಂದು ಗೆರೆ ಅಂತ ಇಲ್ಲ. ಮೊದಲು ಪೈನ್ ನಿಂತಿತು, ಆಮೇಲೆ ಬರ್ಚ್ ಗಿಡ್ಡವಾಗುತ್ತಾ ಸೊಂಟದ ಮಟ್ಟಕ್ಕೆ ಬಂತು, ಕೊನೆಗೆ ನೆಲಕ್ಕೆ ಅಂಟಿದ ವಿಲ್ಲೋ. ಅದೂ ಮರವೇ, ಕಾಂಡ ಕಟ್ಟಿಗೆಯೇ, ಎತ್ತರ ಮಾತ್ರ ಬೆರಳುದ್ದ. ನಾನು ಅದನ್ನು ತುಳಿದುಕೊಂಡೇ ಹೋಗುತ್ತಿದ್ದೆ, ಜೊತೆಯಲ್ಲಿದ್ದವರು ಹೇಳಿದ ಮೇಲೆ ಬಗ್ಗಿ ನೋಡಿದ್ದು.

ಕಾನುಗಾರ, ಸೊರಬ:
ಚಳ್ಳಕೆರೆಯವರೇ, ನಿಮ್ಮ ಹುಲ್ಲು ನೋಡಲು ಬರಬೇಕು ಅನ್ನಿಸಿದೆ. ಯಾವಾಗ ಬಂದರೆ ಸರಿ?

ಬಯಲುಸೀಮೆಯವ, ಚಳ್ಳಕೆರೆ:
ಅಕ್ಟೋಬರ್ ನಡುವೆ ಬನ್ನಿ ಅಣ್ಣಾ, ಆಗ ಬೀಜ ಕಟ್ಟಿರುತ್ತದೆ. ಬೆಳಿಗ್ಗೆ ಏಳರೊಳಗೆ ಕಾವಲಿನಲ್ಲಿ ಇರಬೇಕು, ಹತ್ತರ ಮೇಲೆ ಬಿಸಿಲಿಗೆ ಹಕ್ಕಿ ಕೂರುತ್ತವೆ, ಏನೂ ಕಾಣುವುದಿಲ್ಲ. ಉಂಬಳದ ಸುಣ್ಣ ಬೇಡ, ದಪ್ಪ ಜೀನ್ಸ್ ಹಾಕಿಕೊಂಡು ಬನ್ನಿ, ಪಂಚೆ ಉಟ್ಟು ಬಂದರೆ ಆ ಈಟಿ ಬೀಜ ಕಿತ್ತು ಮುಗಿಸುವ ಹೊತ್ತಿಗೆ ಸಂಜೆಯಾಗುತ್ತದೆ. ಹೊರಡುವ ಮೊದಲು ಇಲ್ಲೇ ಒಂದು ಮೆಸೇಜ್ ಹಾಕಿ.